ವಿದ್ಯಾನಿವಾಸದ ದೋಸೆ ವಾರ

ನಮ್ಮ ಊರಿನಲ್ಲಿ, ಮನಸ್ಸಿನಲ್ಲಿ ಸಿಟ್ಟಿಟ್ಟುಕೊಂಡವರು ಒಬ್ಬರಿದ್ದರೂ ಆ ಮನೆಯಲ್ಲಿ ನೀರು ಕುದಿಯುವುದಿಲ್ಲ. ಬೆಚ್ಚಗಾಗುತ್ತದೆ, ಸ್ನಾನಕ್ಕೆ ಸಾಕು. ಅಲ್ಲಿಂದ ಮುಂದಕ್ಕೆ ಏರುವುದಿಲ್ಲ. ಸೌದೆ ಒಲೆಯಾಗಲಿ, ಗ್ಯಾಸಾಗಲಿ, ಕರೆಂಟಿನ ಒಲೆಯಾಗಲಿ, ಎಲ್ಲ ಒಂದೇ. ಸಿಟ್ಟು ಯಾರ ಮೇಲಿದೆಯೋ ಅವರಿಗೇ ನೇರವಾಗಿ ಹೇಳಿಬಿಟ್ಟರೆ ಆಯಿತು, ಕುಕ್ಕರ್ ಕೂಗುತ್ತದೆ. ಹೇಳಿದ ಮೇಲೆ ಜಗಳವಾದರೂ ಅಡ್ಡಿಯಿಲ್ಲ, ರಾಜಿಯಾಗಲೇಬೇಕು ಎಂದೂ ಇಲ್ಲ. ಒಳಗೆ ಬಚ್ಚಿಟ್ಟುಕೊಳ್ಳಬಾರದು, ಅಷ್ಟೆ. ಎಣ್ಣೆಗೆ ಮಾತ್ರ ಈ ಹಂಗಿಲ್ಲ. ಎಂಥ ಸಿಟ್ಟಿನ ಮನೆಯಲ್ಲೂ ಕಾವಲಿ ಕಾಯುತ್ತದೆ, ದೋಸೆ ಏಳುತ್ತದೆ. ಆದ್ದರಿಂದಲೇ ಇಲ್ಲಿ ಯಾರಾದರೂ ದನಿ ತಗ್ಗಿಸಿ "ಅವರ ಮನೇಲಿ ಬರೀ ದೋಸೆಯಂತೆ" ಎಂದರೆ ಕೇಳಿದವರು ಅಯ್ಯೋ ಪಾಪ ಎನ್ನುತ್ತಾರೆ.

ಹೊರಗಿನಿಂದ ಬಂದವರು ನಮ್ಮದು ಜಗಳಗಂಟರ ಊರು ಎಂದುಕೊಳ್ಳುತ್ತಾರೆ. ಬೆಳಗಿನ ಕಾಫಿ ಹೊತ್ತಿಗೆ ಒಮ್ಮೆ, ಅಡುಗೆಗೆ ಇಡುವ ಹೊತ್ತಿಗೆ ಇನ್ನೊಮ್ಮೆ ಬೀದಿ ಪೂರ್ತಿ ಗದ್ದಲ. ಅತ್ತೆ ಸೊಸೆಗೆ, ಸೊಸೆ ಗಂಡನಿಗೆ, ಗಂಡ ಫೋನಿನಲ್ಲಿ ತನ್ನ ಸಾಹೇಬರಿಗೆ ಹೇಳುವುದನ್ನೆಲ್ಲ ಹೇಳಿ ಮುಗಿಸುತ್ತಾರೆ. ಆಮೇಲೆ ಸಾಲಾಗಿ ಕುಕ್ಕರ್‌ಗಳು ಕೂಗುತ್ತವೆ. ಟೀ ಅಂಗಡಿಯವನು ಗಿರಾಕಿಯನ್ನು ಕೂರಿಸುವ ಮೊದಲೇ "ಯಾರ ಮೇಲಾದ್ರೂ ಏನಾದ್ರೂ ಇದ್ಯಾ ಸಾರ್, ಇದ್ರೆ ಹೊರಗೇ ನಿಂತು ಫೋನ್ ಮಾಡ್ಕೊಂಡು ಬನ್ನಿ" ಎನ್ನುತ್ತಾನೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದಾಗ ಜಾತಕಕ್ಕಿಂತ ಮೊದಲು ಹಾಲು ಕಾಯಿಸಿ ನೋಡುತ್ತಾರೆ. ಇದೆಲ್ಲ ಯಾಕೆ ಹೀಗೆ ಎಂದು ನಾವು ಯಾರನ್ನೂ ಕೇಳಿದ್ದಿಲ್ಲ. ಮಳೆ ಯಾಕೆ ಕೆಳಗೇ ಬೀಳುತ್ತದೆ ಎಂದು ಯಾರು ಕೇಳುತ್ತಾರೆ?

ನಾನು ಸಿಸಿಲಮ್ಮ. ಕನ್ಯಾಮಠದ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದ ಮೇಲೆ ಚರ್ಚಿನ ಹಿಂದಿನ ವಿದ್ಯಾನಿವಾಸವನ್ನು ನೋಡಿಕೊಳ್ಳುತ್ತಿದ್ದೇನೆ. ಕಥೋಲಿಕ ದೈವಶಾಸ್ತ್ರದಲ್ಲಿ ಸಂಶೋಧನೆ ಮಾಡುವವರು ಒಂದು ವರ್ಷ ಇಲ್ಲೇ ಉಳಿದು, ಇಲ್ಲೇ ಉಂಡು, ತಮ್ಮ ಪುಸ್ತಕ ಬರೆದುಕೊಂಡು ಹೋಗುವ ಫೆಲೋಶಿಪ್ ನಮ್ಮದು. ಇದನ್ನು ಕಟ್ಟಿಸಿದವರು ಮೇಣದಬತ್ತಿ ಕಾರ್ಖಾನೆಯ ಫಿಲೋಮಿನಮ್ಮ. ಅವರು ಒಮ್ಮೆ ಪರಊರಿನಲ್ಲಿ ಯಾವುದೋ ಸಮ್ಮೇಳನಕ್ಕೆ ಹೋಗಿ, ದೊಡ್ಡ ದೊಡ್ಡ ದೈವಶಾಸ್ತ್ರಿಗಳು ಒಬ್ಬರ ಪಕ್ಕ ಒಬ್ಬರು ಕೂತು ಹಲ್ಲು ಕಡಿಯುತ್ತಲೇ ನಗುನಗುತ್ತ ಬಿಸಿಬಿಸಿ ಸಾರು ಕುಡಿಯುವುದನ್ನು ನೋಡಿ ಗಾಬರಿಯಾಗಿದ್ದರಂತೆ. ದೇವರ ಬಗ್ಗೆ ಬರೆಯುವವರು ಒಂದು ವರ್ಷವಾದರೂ ನಮ್ಮೂರಿನ ಒಲೆಯ ಅನ್ನ ಉಣ್ಣಲಿ ಎಂದು ಮನೆ ಕಟ್ಟಿಸಿ, ಒಂದು ನಿಯಮ ಹಾಕಿ ತೀರಿಕೊಂಡರು. ಒಂದು ಭಾನುವಾರದಿಂದ ಮುಂದಿನ ಭಾನುವಾರದವರೆಗೂ ವಿದ್ಯಾನಿವಾಸದಲ್ಲಿ ನೀರು ಕುದಿಯದಿದ್ದರೆ, ಅದಕ್ಕೆ ಕಾರಣರಾದವರು ಫೆಲೋಶಿಪ್ ಬಿಟ್ಟು ಹೊರಡಬೇಕು. ಇಷ್ಟು ವರ್ಷಗಳಲ್ಲಿ ನಾನು ಯಾರನ್ನೂ ಹೊರಡಿಸಬೇಕಾಗಿ ಬಂದಿರಲಿಲ್ಲ. ಯಾರೊಳಗೆ ಏನಿದೆ ಎಂಬುದು ಅವರು ಚಪ್ಪಲಿ ಬಿಡುವ ರೀತಿಯಲ್ಲೇ ನನಗೆ ತಿಳಿಯುತ್ತದೆ. ಜಂಬವಲ್ಲ, ಎಷ್ಟೋ ವರ್ಷ ಹೈಸ್ಕೂಲು ಹುಡುಗಿಯರನ್ನು ಮೇಯಿಸಿದವಳಿಗೆ ಇಷ್ಟೂ ಗೊತ್ತಾಗದಿದ್ದರೆ ಹೇಗೆ?

ಆ ವರ್ಷ ಮೂವರು ಬಂದಿದ್ದರು. ದೇವದೂತರ ಬಗ್ಗೆ ಸಂಶೋಧನೆ ಮಾಡುವ ಸಿಸ್ಟರ್ ಬೆನೆಡಿಕ್ಟಾ, ಧರ್ಮಸಭೆಯ ಕಾನೂನು ಓದಿಕೊಂಡಿದ್ದ ಕರಾವಳಿಯ ಕ್ಲೆಮೆಂಟ್ ಪಿಂಟೊ, ಮತ್ತು ಫಾದರ್ ಇನ್ನಾಸಪ್ಪ. ಫಾದರ್ ಅವರನ್ನು ಆರಿಸಿದ್ದು ನಾನು. ಆಯ್ಕೆ ಸಮಿತಿಯ ಉಳಿದ ಇಬ್ಬರಿಗೆ ವಿದೇಶದಲ್ಲಿ ಓದಿ ಬಂದ ಯಾರೋ ತರುಣ ಬೇಕಿತ್ತು. ಇನ್ನಾಸಪ್ಪನವರ ಅರ್ಜಿ ನಾಲ್ಕೇ ಸಾಲಿನದು. ದೇವರು ಈ ಲೋಕವನ್ನು ಸಾಕುತ್ತಾನೆ ಎಂದು ಇಷ್ಟು ವರ್ಷ ಗುರುಮಠದಲ್ಲಿ ಪಾದ್ರಿಗಳಾಗುವವರಿಗೆ ಪಾಠ ಹೇಳಿದ್ದೇನೆ, ಹಾಗೆಂದರೆ ನಿಜವಾಗಿ ಏನು ಎಂಬುದನ್ನು ಯಾರ ಮದುವೆ, ಯಾರ ಮಣ್ಣು ಎಂಬ ಓಡಾಟವಿಲ್ಲದೆ ಒಂದು ವರ್ಷ ಕೂತು ಬರೆಯಬೇಕು ಎಂದಿದ್ದರು. ಇಂಥವರನ್ನು ಬಿಟ್ಟರೆ ಈ ಮನೆಗೆ ಬೀಗ ಹಾಕಿ ಎಂದು ನಾನು ಸಮಿತಿಯವರ ಮುಖಕ್ಕೇ ಹೇಳಿದ್ದೆ. ಅವರೂ ನನಗೆ ಸರಿಯಾಗಿಯೇ ಹೇಳಿದರು. ಅಂದಿನ ಕಾಫಿ ಬಹಳ ಚೆನ್ನಾಗಿತ್ತು.

ಇನ್ನಾಸಪ್ಪನವರು ಬಂದ ಮೇಲೆ ನನ್ನ ಆಯ್ಕೆಯ ಬಗ್ಗೆ ನನಗೇ ಹೆಮ್ಮೆಯಾಯಿತು. ಐವತ್ತು ದಾಟಿದ ಎತ್ತರದ ಮನುಷ್ಯ. ಪುಸ್ತಕದ ಹಾಗೆ ಮಾತನಾಡುತ್ತಿದ್ದರು, ಆದರೆ ಅದರಲ್ಲಿ ಆಡಂಬರವಿರಲಿಲ್ಲ. ಬೆಳಿಗ್ಗೆ ಮನೆಯ ಪ್ರಾರ್ಥನಾಮಂದಿರದಲ್ಲಿ ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ ಅರ್ಪಿಸಿ, ಗ್ರಂಥಾಲಯದಲ್ಲಿ ಕಿಟಕಿ ಪಕ್ಕದ ಮೇಜಿಗೆ ಹೋದರೆ ಊಟಕ್ಕೇ ಬರುತ್ತಿದ್ದುದು. ಮಳೆಗಾಲ ಮುಗಿಯುವ ಹೊತ್ತಿಗೆ ಕೊನೆಯ ಅಧ್ಯಾಯವೊಂದು ಬಿಟ್ಟು ಪುಸ್ತಕ ಮುಗಿದಿತ್ತು.

ಆಗ ಅವರ ತಂಗಿ ತೀರಿಕೊಂಡ ಸುದ್ದಿ ಬಂತು. ಅಗ್ನೇಸಮ್ಮ ಎಂದು ಹೆಸರು, ಇವರಿಗಿಂತ ಎರಡು ವರ್ಷಕ್ಕೆ ಚಿಕ್ಕವರು. ಜ್ವರ ಅಂದರು, ಆಸ್ಪತ್ರೆಗೆ ಸೇರಿಸಿದರು, ಮಣ್ಣಿಗೆ ಬನ್ನಿ ಅಂದರು, ಅಷ್ಟೇ ಬೇಗ. ಫಾದರ್ ಹೋಗಿ ತಾವೇ ಪೂಜೆ ಅರ್ಪಿಸಿ, ಮಣ್ಣು ಮಾಡಿ ಬಂದರು. ಬಾಗಿಲಲ್ಲಿ ನಾನು ಅವರ ಚೀಲ ತೆಗೆದುಕೊಂಡಾಗ "ದೇವರ ಚಿತ್ತ, ಸಿಸಿಲಮ್ಮನವರೇ. ಆಕೆ ಈಗ ನೆಮ್ಮದಿಯಾಗಿದ್ದಾಳೆ" ಎಂದು ಮುಗುಳ್ನಕ್ಕರು. ಚಪ್ಪಲಿಯನ್ನು ಜೋಡಿಸಿಯೇ ಬಿಟ್ಟರು. ಎಂಥ ವಿಶ್ವಾಸ ಎಂದು ನನಗೆ ಕಣ್ಣು ತುಂಬಿ ಬಂತು. ಅಂದು ಭಾನುವಾರ. ಸಂಜೆ ಅಡುಗೆಯ ಜ್ಞಾನಮ್ಮ ಸೆರಗಿಗೆ ಕೈ ಒರೆಸುತ್ತ ಬಂದು, "ಅಮ್ಮಾವ್ರೇ, ಬೇಳೆ ಬೇಯ್ತಾ ಇಲ್ಲ" ಎಂದಳು.

ನನಗೆ ಅನುಮಾನವೇ ಇರಲಿಲ್ಲ. ಫಾದರ್ ಊರಿಗೆ ಹೋಗಿದ್ದಾಗ, ಅವರು ಕೂರುತ್ತಿದ್ದ ಕಿಟಕಿ ಪಕ್ಕದ ಮೇಜಿಗೆ ಕ್ಲೆಮೆಂಟ್ ಸದ್ದಿಲ್ಲದೆ ತಮ್ಮ ಪುಸ್ತಕಗಳನ್ನು ಸಾಗಿಸಿದ್ದರು. ಸಿಸ್ಟರ್ ಬೆನೆಡಿಕ್ಟಾಗೆ ಅದು ಸರಿಬಂದಿರಲಿಲ್ಲ. ಇಬ್ಬರನ್ನೂ ಊಟದ ಮೇಜಿನ ಆಚೀಚೆ ಕೂರಿಸಿ, ಶುರುಮಾಡಿ ಎಂದೆ.

"ತಂಗಿ ಸತ್ತು ಮಣ್ಣಿಗೆ ಹೋದವರ ಜಾಗಕ್ಕೆ ಟವಲ್ ಹಾಕೋರನ್ನ ಬಸ್ಸಲ್ಲಿ ನೋಡಿದ್ದೆ, ಗ್ರಂಥಾಲಯದಲ್ಲಿ ನೋಡಿರಲಿಲ್ಲ" ಎಂದರು ಸಿಸ್ಟರ್.

"ಅಲ್ಲ ಸಿಸ್ಟರ್, ನನಗೆ ಬೆಳಕು ಬೇಡವಾ? ನಿಮ್ಮ ದೇವದೂತರಿಗೆ ರೆಕ್ಕೆ ಉಂಟು, ಅವರು ಎಲ್ಲಿ ಬೇಕಾದರೂ ಕೂರಬಹುದು. ನನಗೆ ಒಂದು ಕುರ್ಚಿ ಬೇಕು ಮಾರಾಯ್ರೆ" ಎಂದರು ಕ್ಲೆಮೆಂಟ್. ಅಲ್ಲಿಂದ ಹತ್ತಿಕೊಂಡಿತು. ಸಿಸ್ಟರ್ ಬೆಳಿಗ್ಗೆ ಹಾಡುವ ಕೀರ್ತನೆಯ ಶ್ರುತಿ, ಕ್ಲೆಮೆಂಟ್ ಒಣಗಲು ಹಾಕುವ ಬನಿಯನ್, ಎಲ್ಲ ಹೊರಗೆ ಬಂತು. ಕೊನೆಗೆ ಇಬ್ಬರೂ ಸುಸ್ತಾಗಿ ನೀರು ಕುಡಿದರು. ಅಡುಗೆಮನೆಗೆ ಹೋಗಿ ನೋಡಿದರೆ ಬೇಳೆ ತಣ್ಣಗೆ ತಳದಲ್ಲಿ ಕೂತಿತ್ತು. ರಾತ್ರಿಗೆ ದೋಸೆ.

ಮಾರನೆಯ ದಿನ ಜ್ಞಾನಮ್ಮ ತಾನಾಗಿಯೇ ಬಂದು ನನ್ನೆದುರು ನಿಂತಳು. "ನಂದೇ ಇರಬೋದು ಅಮ್ಮಾವ್ರೇ. ಕ್ರಿಸ್ಮಸ್ಸಿಗೆ ನೀವು ಕೊಟ್ಟ ಸೀರೆ ಬಣ್ಣ ನಂಗೆ ಹಿಡಿಸ್ಲೇ ಇಲ್ಲ. ಮುದುಕೀರು ಉಡೋ ಬಣ್ಣ." ನಾನು ಅದಕ್ಕೆ ಹೇಳಬೇಕಾದುದನ್ನು ಹೇಳಿದೆ. ಆದರೂ ಹಾಲು ಉಕ್ಕಲಿಲ್ಲ. ಕಾಫಿಯಿಲ್ಲದೆ ಮೂವರು ದೈವಶಾಸ್ತ್ರಿಗಳನ್ನು ಸಂಭಾಳಿಸುವುದು ಏನೆಂದು ಪಟ್ಟವರಿಗೇ ಗೊತ್ತು. ಎದುರುಮನೆಯವರು ನಮ್ಮ ಕುಕ್ಕರ್ ಕೂಗದಿರುವುದನ್ನು ಗಮನಿಸಿ ಅಂದಿನಿಂದ ದಿನಾ ಒಂದು ಬಟ್ಟಲು ಚಟ್ನಿ ಕಳಿಸತೊಡಗಿದರು. ಚಟ್ನಿ ಕಳಿಸಿದರೆಂದರೆ ಬೀದಿಗೆಲ್ಲ ಗೊತ್ತಾಯಿತೆಂದೇ ಅರ್ಥ.

ಫಾದರ್ ಇನ್ನಾಸಪ್ಪನವರು ದೋಸೆಯನ್ನು ಎಂದಿನ ಹಾಗೆ ಸ್ತೋತ್ರ ಹೇಳಿ ತಿನ್ನುತ್ತಿದ್ದರು. ಅವರನ್ನು ಕೇಳಲು ನನಗೆ ಮನಸ್ಸಿರಲಿಲ್ಲ. ದುಃಖ ಬೇರೆ, ಸಿಟ್ಟು ಬೇರೆ. ದುಃಖದ ಮನೆಯಲ್ಲಿ ನಮ್ಮೂರಲ್ಲೂ ನೀರು ಕುದಿಯುತ್ತದೆ. ಆದರೆ ವಾರ ಅರ್ಧ ಕಳೆದಿತ್ತು, ಬೇರೆ ಯಾರೂ ಉಳಿದಿರಲಿಲ್ಲ. ಕೇಳಿದೆ.

"ನನಗೆ ಯಾರ ಮೇಲೂ ಅಸಮಾಧಾನವಿಲ್ಲ" ಎಂದರು ಅವರು ಮೆಲ್ಲಗೆ. "ಆದರೂ ಈ ಊರಿನ ಕ್ರಮದಂತೆ ನಡೆಯುತ್ತೇನೆ." ಅಂದೇ ಆಸ್ಪತ್ರೆಯ ವೈದ್ಯರಿಗೆ ಫೋನು ಮಾಡಿ, ಮೊದಲೇ ಏಕೆ ಎಚ್ಚರಿಸಲಿಲ್ಲ ಎಂದು ಕೇಳಿದರು. ತಂಗಿಯ ಗಂಡನಿಗೆ ಫೋನು ಮಾಡಿ, ಆಸ್ಪತ್ರೆಗೆ ಸೇರಿಸಲು ಏಕೆ ತಡಮಾಡಿದೆ ಎಂದು ಕೇಳಿದರು. ಆ ಮನುಷ್ಯ ಆ ಕಡೆಯಿಂದ ಅಳುತ್ತಿದ್ದುದು ನಮಗೆಲ್ಲ ಕೇಳಿಸಿತು. ಫಾದರ್ ಕೂಡ ಅತ್ತರು. ಜ್ಞಾನಮ್ಮ ಅಕ್ಕಿ ಪಾತ್ರೆ ಇಟ್ಟು ಕಾದಳು. ನೀರು ಬೆಚ್ಚಗಾಗಿ ನಿಂತಿತು.

"ಒಂದು ವೇಳೆ ತೀರಿಹೋದ ತಂಗಿಯ ಮೇಲೇ ಕೋಪ ಇದ್ದರೆ? ಬಿಟ್ಟು ಹೋದಳಲ್ಲ ಅಂತ?" ಎಂದರು ಕ್ಲೆಮೆಂಟ್, ರಾತ್ರಿ ಎಲ್ಲರೂ ದೋಸೆ ತಿನ್ನುತ್ತಿದ್ದಾಗ.

ಜ್ಞಾನಮ್ಮ ಕಾವಲಿ ತಿಕ್ಕುತ್ತಲೇ ಹೇಳಿದಳು. "ಸತ್ತೋರ ಮೇಲಿನ ಸಿಟ್ಟು ಲೆಕ್ಕಕ್ಕಿಲ್ಲ ಸಾರ್. ನಮ್ಮತ್ತೆ ಮೇಲೆ ನಂಗೆ ಇವತ್ತಿಗೂ ಐತೆ. ಆವಮ್ಮ ಉಸಿರು ಬಿಟ್ಟ ಸಂಜೇನೇ ನಮ್ಮನೇಲಿ ನೀರು ಗಳಗಳ ಕುದೀತು. ಬದುಕಿರೋರ ಮೇಲಿದ್ರೇನೇ ನೀರು ನಿಲ್ಲೋದು." ಇದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಕ್ಲೆಮೆಂಟ್ ಪರಊರಿನವರು, ಅವರಿಗೆ ಗೊತ್ತಿರಲಿಲ್ಲ.

ಸಿಸ್ಟರ್ ಬೆನೆಡಿಕ್ಟಾ ತಮ್ಮ ದೋಸೆಯನ್ನು ಚೂರು ಚೂರು ಮಾಡಿದರು. ಆಮೇಲೆ ತಟ್ಟೆ ನೋಡುತ್ತಲೇ, "ಹಾಗಾದ್ರೆ ಇನ್ನೊಬ್ಬರು ಉಳಿದಿದ್ದಾರೆ, ಫಾದರ್" ಎಂದರು. ಅವರು ಕಣ್ಣೆತ್ತಿ ನೋಡಿದ್ದು ಪ್ರಾರ್ಥನಾಮಂದಿರದ ಬಾಗಿಲ ಕಡೆಗೆ. ನಮಗೆಲ್ಲ ಅರ್ಥವಾಯಿತು. ಇಷ್ಟು ಸರಳವಾದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ನನ್ನ ಮೇಲೇ ರೇಗಿತು.

ಫಾದರ್ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಇಟ್ಟರು. "ಅದು ಸಾಧ್ಯವಿಲ್ಲ ಸಿಸ್ಟರ್. ದೇವರು ಯಾರಿಗೂ ಕೇಡು ಮಾಡುವುದಿಲ್ಲ. ಕೇಡು ಮಾಡದವನ ಮೇಲೆ ಕೋಪಕ್ಕೆ ಆಸ್ಪದವೇ ಇಲ್ಲ. ನನ್ನ ಪುಸ್ತಕದ ತುಂಬ ಇರುವುದು ಇದೇ ಮಾತು."

"ಪುಸ್ತಕದಲ್ಲಿರೋದನ್ನ ನಾನು ಕೇಳ್ಲಿಲ್ಲ" ಎಂದರು ಸಿಸ್ಟರ್.

"ಶಾಸ್ತ್ರದ ಪ್ರಕಾರ ಇಲ್ಲದ ಕೋಪವನ್ನು ಇದೆ ಎಂದು ಹೇಗೆ ಹೇಳಲಿ?" ಎಂದು ಎದ್ದು ಕೈ ತೊಳೆದುಕೊಂಡರು. ಕ್ಲೆಮೆಂಟ್ ಮತ್ತು ಸಿಸ್ಟರ್ ಆಮೇಲೂ ವಾದ ಮಾಡಿದರು. ದೇವರ ಮೇಲೆ ದೂರು ಹೇಳುವುದು ಪಾಪವೋ ಪ್ರಾರ್ಥನೆಯೋ ಎಂಬುದು ಅವರ ವಾದ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಹತ್ತಿತ್ತು. ಭಾನುವಾರ ಬಂದರೆ ನಿಯಮದಂತೆ ನಾನು ಅವರನ್ನು ಕಳಿಸಲೇಬೇಕು. ಇಲ್ಲಿಂದ ಹೋದರೆ ಅವರ ಧರ್ಮಾಧ್ಯಕ್ಷರಾದ ಬಿಷಪ್ಪರು ಯಾವುದೋ ಊರಿನ ಧರ್ಮಕೇಂದ್ರಕ್ಕೆ ಹಾಕಿ ಶಾಲೆ ಕಟ್ಟಿಸುವ ಕೆಲಸ ಕೊಡುತ್ತಾರೆ, ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಅದೂ ಹೋಗಲಿ. ಹೊರಗಿನ ಊರುಗಳಲ್ಲಿ ಯಾರ ಎದೆಯಲ್ಲಿ ಏನಿದ್ದರೂ ನೀರು ಕುದಿಯುತ್ತದೆ. ಅಲ್ಲಿ ಈ ಮನುಷ್ಯ ಸಾಯುವವರೆಗೆ ಮುಗುಳ್ನಗುತ್ತ, ದೇವರ ಚಿತ್ತ ಎನ್ನುತ್ತ, ದಿನಾ ಪೂಜೆ ಅರ್ಪಿಸುತ್ತ ಇದ್ದುಬಿಡಬಹುದು. ಒಬ್ಬರಿಗೂ ತಿಳಿಯುವುದಿಲ್ಲ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತಿತ್ತು.

ನಾನು ಕಳಿಸುವ ತನಕ ಅವರು ಕಾಯಲಿಲ್ಲ. ಶನಿವಾರ ಮಧ್ಯಾಹ್ನ ಅವರ ಕೋಣೆಗೆ ಹೋದರೆ ಮಂಚದ ಮೇಲೆ ಪೆಟ್ಟಿಗೆ ತೆರೆದಿತ್ತು. ಮಡಿಸಿದ ನಿಲುವಂಗಿಯನ್ನು ಒಳಗಿಡುತ್ತಿದ್ದರು.

"ಸಂಜೆ ಬಸ್ಸಿಗೆ ಹೊರಡುತ್ತೇನೆ. ನನ್ನಿಂದ ನಿಮಗೆಲ್ಲ ತೊಂದರೆಯಾಯಿತು" ಎಂದರು.

"ತೊಂದ್ರೆ ಏನಿಲ್ಲ, ಜ್ಞಾನಮ್ಮನ ದೋಸೆ ಇನ್ನೂ ಒಂದು ತಿಂಗಳು ತಿನ್ನಬಹುದು. ನೀವು ಕೂತ್ಕೊಳ್ಳಿ ಫಾದರ್, ಸ್ವಲ್ಪ ಮಾತಾಡೋದಿದೆ" ಎಂದು ನಾನೇ ಕುರ್ಚಿ ಎಳೆದುಕೊಂಡೆ. "ಅಗ್ನೇಸಮ್ಮ ನಿಮಗೆ ಏನಾಗಿದ್ರು?"

"ತಂಗಿ."

"ಅದು ಗೊತ್ತು. ಏನಾಗಿದ್ರು ಅಂತ ಕೇಳಿದೆ."

ಅವರು ನಿಲುವಂಗಿಯನ್ನು ಮತ್ತೆ ಬಿಚ್ಚಿ ಮತ್ತೆ ಮಡಿಸಿದರು. ಅಪ್ಪ ಬೇಗ ಹೋಗಿದ್ದರಂತೆ. ಇವರನ್ನು ಗುರುಮಠಕ್ಕೆ ಕಳಿಸಿದರೆ ಮನೆಯಲ್ಲಿ ದುಡಿಯುವವರಿಲ್ಲ. ಆಗ ಅಗ್ನೇಸಮ್ಮ ಶಾಲೆ ಬಿಟ್ಟು ಇಟ್ಟಿಗೆ ಗೂಡಿಗೆ ಹೋದಳಂತೆ. ಅಣ್ಣ ಸ್ವಾಮಿಗಳಾಗಲಿ ಎಂದು ತಾನಾಗಿಯೇ ಹೋದಳಂತೆ. ಇವರ ಮೊದಲ ಪೂಜೆಯ ದಿನ ಮುಂದಿನ ಸಾಲಿನಲ್ಲಿ ಕೂತು, ಪ್ರಸಾದಕ್ಕೆ ಒಡ್ಡಿದ ಅವಳ ಅಂಗೈ ಇಟ್ಟಿಗೆಗಿಂತ ಒರಟಾಗಿತ್ತಂತೆ. ಇಷ್ಟು ಹೇಳುವಾಗ ಅವರ ಪುಸ್ತಕದ ಮಾತು ಎಲ್ಲೋ ಹೋಗಿತ್ತು.

"ಇದನ್ನ ಅಲ್ಲಿ ಹೋಗಿ ಹೇಳಿ" ಎಂದೆ.

"ಅವನಿಗೆ ಗೊತ್ತಿಲ್ಲದ್ದೇನಿದೆ?"

"ಗೊತ್ತಿದೆ ಅಂತ ಸುಮ್ನಿದ್ರೆ ನಮ್ಮೂರಲ್ಲಿ ಒಂದು ಮನೇಲೂ ಅನ್ನ ಆಗ್ತಿರ್ಲಿಲ್ಲ. ಗಂಡನಿಗೆ ಗೊತ್ತಿಲ್ಲ ಅಂತ ಹೆಂಡ್ತಿ ಹೇಳ್ತಾಳಾ? ಶಾಸ್ತ್ರ ಆಮೇಲೆ ನೋಡೋಣ, ಫಾದರ್."

ಅವರು ಮಂಚದ ಅಂಚಿನಲ್ಲಿ ಕೂತರು. ಹೇಳಿದ್ದು ನನಗಷ್ಟೇ ಕೇಳುವಷ್ಟು ಮೆಲ್ಲಗೆ.

"ಶಾಸ್ತ್ರ ಒಂದು ನೆಪ, ಸಿಸಿಲಮ್ಮ. ಮಣ್ಣು ಹಾಕಿ ಬಂದಾಗಿನಿಂದ ಅಲ್ಲಿ ಹೋಗಿ ಮೊಣಕಾಲೂರಿದರೆ ಖಾಲಿ ಕೋಣೆಯಲ್ಲಿ ಇದ್ದ ಹಾಗೆ ಆಗುತ್ತೆ. ನಾನು ಬಾಯಿಬಿಟ್ಟು ಹೇಳಿ, ಅಲ್ಲಿ ಯಾರೂ ಇಲ್ಲದಿದ್ದರೆ? ಇಷ್ಟು ವರ್ಷ ನಾನು ಯಾರ ಬಗ್ಗೆ ಪಾಠ ಹೇಳಿದೆ? ಅವಳು ಯಾರಿಗೋಸ್ಕರ ಇಟ್ಟಿಗೆ ಹೊತ್ತಳು?"

ನನಗೆ ಭಯವಾಯಿತು. ಅಡುಗೆಮನೆಯಿಂದ ಜ್ಞಾನಮ್ಮ ಕುಕ್ಕರಿನ ಅಕ್ಕಿಯನ್ನು ಸೌಟಿನಿಂದ ಕದಡಿ ನೋಡುವ ಸದ್ದು ಬಂತು. ಆಗುವುದಿಲ್ಲ ಎಂದು ಗೊತ್ತಿದ್ದರೂ ಅವಳು ದಿನವೂ ಒಮ್ಮೆ ಅಕ್ಕಿ ಇಟ್ಟು ನೋಡುತ್ತಿದ್ದಳು. ಆ ಸದ್ದು ಕೇಳುತ್ತಲೇ ನನಗೆ ಹೊಳೆಯಿತು.

"ಫಾದರ್, ಯಾರೂ ಇಲ್ಲದಿದ್ರೆ ಈ ವಾರ ಪೂರ್ತಿ ನಾವು ಯಾಕೆ ದೋಸೆ ತಿಂದ್ವಿ? ಜ್ಞಾನಮ್ಮ ಅವತ್ತೇ ಹೇಳಿದ್ಲಲ್ಲ. ಬದುಕಿರೋರ ಮೇಲೆ ಸಿಟ್ಟಿದ್ರೆ ಮಾತ್ರ ನಮ್ಮೂರಲ್ಲಿ ನೀರು ನಿಲ್ಲೋದು."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಎದ್ದು ಅಡುಗೆಮನೆಗೆ ನಡೆದರು. ನಾನೂ ಹಿಂದೆಯೇ ಹೋದೆ. ಕುಕ್ಕರ್‌ಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ. ಕೆಳಗೆ ಉರಿ ಪೂರ್ತಿ ದೊಡ್ಡದಾಗಿತ್ತು. ಫಾದರ್ ಅಂಗಿಯ ತೋಳು ಮಡಿಸಿ, ಜ್ಞಾನಮ್ಮ ಅಯ್ಯೋ ಎನ್ನುವಷ್ಟರಲ್ಲಿ, ನೀರಿನೊಳಗೆ ಕೈ ಇಳಿಬಿಟ್ಟರು. ಹಾಗೇ ಇಟ್ಟುಕೊಂಡು ನಿಂತರು.

"ಎಷ್ಟು ಹೊತ್ತಿನಿಂದ ಉರೀತಾ ಇದೆ?" ಎಂದು ಕೇಳಿದರು.

"ಆಗ್ಲೇ ಇಟ್ಟಿದ್ದು ಸ್ವಾಮಿ. ಬೇರೆ ಮನೆಯಾಗಿದ್ರೆ ಇಷ್ಟೊತ್ತಿಗೆ ಗಂಜಿ ಬಸಿಯಬೋದಿತ್ತು."

ಫಾದರ್ ಕೈ ತೆಗೆದರು. ಒರೆಸಿಕೊಳ್ಳಲಿಲ್ಲ. ಬೆರಳಿನಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ ಪ್ರಾರ್ಥನಾಮಂದಿರಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಜ್ಞಾನಮ್ಮ ನನ್ನ ಮುಖ ನೋಡಿದಳು. ಮುಚ್ಚಳ ಹಾಕು ಎಂದೆ.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಪ್ರಾರ್ಥನೆಯ ದನಿಯಲ್ಲಿ ಏನೋ ಶುರುವಾಯಿತು, ಅದೇ ಪುಸ್ತಕದ ಮಾತು. ಅದು ನಡುವೆಯೇ ತುಂಡಾಯಿತು. ಆಮೇಲೆ ಬಂದ ದನಿ ನಾವು ಆ ಮನುಷ್ಯನ ಬಾಯಲ್ಲಿ ಎಂದೂ ಕೇಳಿದ್ದಲ್ಲ. ಗ್ರಂಥಾಲಯದಿಂದ ಸಿಸ್ಟರ್ ಮತ್ತು ಕ್ಲೆಮೆಂಟ್ ಎದ್ದು ಬಂದು ನಮ್ಮ ಜೊತೆ ನಿಂತರು.

"ನಿಂಗೆ ಬೇರೆ ಯಾರೂ ಸಿಗ್ಲಿಲ್ವಾ?" ಎಂದು ಕೂಗುತ್ತಿದ್ದರು. "ನನ್ನ ನಿಂಗೆ ಕೊಟ್ಟೋಳೇ ಅವ್ಳು. ಗೂಡಲ್ಲಿ ಬೆಂದು, ಇಟ್ಟಿಗೆ ಹೊತ್ತು, ನನ್ನ ನಿನ್ನ ಬಾಗ್ಲಿಗೆ ತಂದು ಬಿಟ್ಳು. ಏನು ಕೇಳಿದ್ಳು ನಿನ್ನ? ಒಂದು ದಿನ ಏನಾದ್ರೂ ಕೇಳಿದ್ಳಾ? ಅವ್ಳನ್ನ ಆಸ್ಪತ್ರೆಗೆ ಸೇರಿಸಿದ್ರು ಅಂದಾಗ ಇಲ್ಲೇ ಮೊಣಕಾಲೂರಿ ನಾನು ಕೇಳ್ದೆ ನಿನ್ನ. ಜೀವನದಲ್ಲಿ ಒಂದು ಕೇಳ್ದೆ. ನೀನು ಈ ಕಡೆ ತಿರುಗೂ ನೋಡ್ಲಿಲ್ಲ. ಅವ್ಳ ಶವಪೆಟ್ಟಿಗೆ ಮುಂದೆ ನಿಂತು ನಿನ್ನ ಹೊಗಳ್ದೆ ನಾನು. ಹೊಗಳಿಸ್ಕೊಂಡೆ ನೀನು. ನಾಚ್ಕೆ ಆಗ್ಲಿಲ್ವಾ ನಿಂಗೆ?"

ಇಂಥ ಮಾತು ಎಷ್ಟೋ ಹೊತ್ತು ನಡೆಯಿತು. ಸಿಸ್ಟರ್ ಗೋಡೆಗೆ ಒರಗಿ ಅಳುತ್ತಿದ್ದರು. ಕ್ಲೆಮೆಂಟ್ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಕುಕ್ಕರನ್ನೇ ನೋಡುತ್ತಿದ್ದೆ. ಅದು ಅಲುಗಲಿಲ್ಲ. ಒಳಗೆ ಒಬ್ಬ ಮನುಷ್ಯ ತನ್ನ ಕರುಳು ಬಗೆದು ಇಡುತ್ತಿದ್ದಾನೆ, ಇಲ್ಲಿ ಒಂದು ಎಳೆ ಆವಿಯಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ನಮ್ಮೂರಿನ ನೀರಿನ ಮೇಲೆಯೇ ನನಗೆ ಅಪನಂಬಿಕೆ ಬಂತು.

ಆಮೇಲೆ ಅವರ ದನಿ ಒಡೆದು ನಿಂತುಹೋಯಿತು. ಈಗ ಬಾಗಿಲು ತೆಗೆದು ಬರುತ್ತಾರೆ, ಪೆಟ್ಟಿಗೆ ಹಿಡಿದು ಬಸ್ಸಿಗೆ ಹೋಗುತ್ತಾರೆ ಎಂದುಕೊಂಡೆ. ಬರಲಿಲ್ಲ. ಬೆಂಚು ಎಳೆದ ಸದ್ದಾಯಿತು. ಕೂತರು ಎಂದು ತಿಳಿಯಿತು. ಸಿಸ್ಟರ್ ನನ್ನ ಕಿವಿಯಲ್ಲಿ, "ಏನ್ಮಾಡ್ತಿದಾರೆ?" ಎಂದರು. ನಾನು ಕೈಸನ್ನೆ ಮಾಡಿ ಸುಮ್ಮನಿರಿಸಿದೆ. ನಮ್ಮೂರಲ್ಲಿ ಬೈಸಿಕೊಂಡವರು ಬೈದವರ ಬಾಯಿ ಮುಚ್ಚುವ ಮೊದಲೇ ತಿರುಗಿ ಬೈಯುತ್ತಾರೆ. ಉತ್ತರಕ್ಕಾಗಿ ಕೂತು ಕಾಯಬೇಕಾದ ಜಗಳವನ್ನು ನಾನು ಅಂದೇ ನೋಡಿದ್ದು. ಒಳಗೆ ಯಾವ ಸದ್ದೂ ಇರಲಿಲ್ಲ. ಅವರು ಸುಮ್ಮನೆ ಕೂತಿದ್ದರು, ನಾವು ನಾಲ್ಕು ಜನ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆವು.

ಆ ಮೌನದಲ್ಲೇ ಕುಕ್ಕರ್ ಕೂಗಿತು. ಒಂದು ವಾರ ಬಾಯಿ ಕಟ್ಟಿಕೊಂಡಿದ್ದದ್ದು, ಬೀದಿಯ ತುದಿಗೆ ಕೇಳುವ ಹಾಗೆ ಕೂಗಿತು. ಎದುರುಮನೆಯ ಕಿಟಕಿ ತೆರೆದುಕೊಂಡಿತು. ಪ್ರಾರ್ಥನಾಮಂದಿರದ ಬಾಗಿಲು ತೆರೆಯಲಿಲ್ಲ. ಹೋಗಿ ತಟ್ಟಲು ಹೊರಟ ಕ್ಲೆಮೆಂಟ್ ಅವರನ್ನು ಸಿಸ್ಟರ್ ತೋಳು ಹಿಡಿದು ನಿಲ್ಲಿಸಿದರು. ನಾನು ಒಲೆಯ ಹತ್ತಿರ ಹೋಗಿ, ಇನ್ನೊಂದು ಕೂಗು ಬರುವ ಮೊದಲೇ ಗ್ಯಾಸ್ ಆರಿಸಿದೆ. ಇಷ್ಟು ದಿನಕ್ಕೆ ಒಳಗೆ ಫಾದರ್ ಮತ್ತು ಅವರ ದೇವರು ಎದುರುಬದುರು ಕೂತಿದ್ದರು, ನಡುವೆ ನಮ್ಮ ಕುಕ್ಕರಿನ ಗದ್ದಲ ಬೇಡ ಎಂದು ನನಗೆ ಅನಿಸಿತು. ಅಕ್ಕಿ ಅರ್ಧವಷ್ಟೇ ಬೆಂದಿತ್ತು. ಫಾದರ್ ಪಾಲನ್ನು ತೆಗೆದಿಟ್ಟು, ಆ ಅರೆಬೆಂದ ಅನ್ನಕ್ಕೆ ಎದುರುಮನೆಯವರ ಚಟ್ನಿ ಕಲಸಿಕೊಂಡು ನಾವು ನಾಲ್ವರೂ ಅಡುಗೆಮನೆಯ ನೆಲದ ಮೇಲೆಯೇ ಕೂತು ಉಂಡೆವು.